ರೆವಿಷನ್ ಬಿ, ರೆವಿಷನ್ ಸಿ: ಒಂದು ಬಾಕಿ ವಸೂಲಿ ದಾವೆಯ ಪ್ರಕರಣ ಅಧ್ಯಯನ

ವಾದಿ ಪೀಣ್ಯದ ಒಂದು ಖಾಸಗಿ ಕಂಪನಿ. ಅಲ್ಯೂಮಿನಿಯಂ ಎರಕ ಹೊಯ್ದು, ಮಷೀನಿಂಗ್ ಮಾಡಿ, ಪಂಪಿನ ಹೌಸಿಂಗ್ (ಹೊರಕವಚ) ಒದಗಿಸುತ್ತದೆ. ಪ್ರತಿವಾದಿ ಬೊಮ್ಮಸಂದ್ರದ ಪಂಪ್ ತಯಾರಕ ಕಂಪನಿ. 2021ರ ಏಪ್ರಿಲ್‌ನಲ್ಲಿ ಇಬ್ಬರ ನಡುವೆ ಸರಬರಾಜು ಕರಾರು ಆಯಿತು: ಇನ್‌ವಾಯ್ಸ್ ಆದ 45 ದಿನದೊಳಗೆ ಹಣ ಕೊಡಬೇಕು; ಮಾಲಿನಲ್ಲಿ ದೋಷವಿದ್ದರೆ ತಲುಪಿದ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು, ತಿಳಿಸದಿದ್ದರೆ ಒಪ್ಪಿದಂತೆ. 2021ರ ಆಗಸ್ಟ್ 12ರಿಂದ 2022ರ ಜನವರಿ 28ರವರೆಗೆ 31 ಲಾಟ್ ಹೋದವು, 31 ಇನ್‌ವಾಯ್ಸ್, ಒಟ್ಟು 3,12,40,000 ರೂಪಾಯಿ. ಬಂದದ್ದು 61,80,000. ಉಳಿದ 2,50,60,000ಕ್ಕೆ ಖರೀದಿದಾರರ ಉತ್ತರ ಎರಡೇ ಮಾತು: ಹೌಸಿಂಗ್ ಸೋರುತ್ತವೆ.

ಇದು ಯಾವುದೇ ಒಂದು ಕಡತದ ನಕಲಲ್ಲ. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯಗಳಿಗೆ ಬರುವ ಇಂಥ ದಾವೆಗಳ ಮಾದರಿಯಲ್ಲಿ ಅಭ್ಯಾಸಕ್ಕೆಂದು ಕಟ್ಟಿದ್ದು. ಕಕ್ಷಿದಾರರು, ಮೊತ್ತ, ದಿನಾಂಕ ಕಲ್ಪಿತ. ಕಾನೂನು ಮತ್ತು ಕೆಲಸದ ಕ್ರಮ ಇದ್ದಂತೆಯೇ ಇವೆ.

ಟ್ರಯಲ್ ವಕೀಲಿಕೆ ಕಲಿಯಬೇಕೆಂದು ಬರುವ ಕಿರಿಯರ ಕಣ್ಣೆಲ್ಲ ಪಾಟೀಸವಾಲಿನ ಮೇಲೆ, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದರ ಮೇಲೆ. ಈ ದಾವೆಯಲ್ಲಿ ಪಾಟೀಸವಾಲು ನಡೆದದ್ದು ಎಲ್ಲ ಸೇರಿ ಐದು ಗಂಟೆ. ಅದಕ್ಕೆ ಬೇಕಾದದ್ದೆಲ್ಲ ಕೈಗೆ ಬಂದದ್ದು ದಾವೆ ಹೂಡುವ ಮೊದಲಿನ ಹದಿನೈದು ವಾರಗಳಲ್ಲಿ. ಆದ್ದರಿಂದ ಈ ಬರಹದ ಹೆಚ್ಚಿನ ಪಾಲೂ ಆ ವಾರಗಳಿಗೇ.

ಮೊದಲು ನೋಡಬೇಕಾದ ಬಾಗಿಲುಗಳು

ಕಕ್ಷಿದಾರರು ಕಚೇರಿಗೆ ಬಂದದ್ದು 2024ರ ಜೂನ್ 3ರಂದು. ಮೊದಲ ದಿನ ಮಾಲಿನ ಗುಣಮಟ್ಟದ ಮಾತೇ ಎತ್ತಲಿಲ್ಲ. ಎಲ್ಲಿಗೆ ಹೋಗಬೇಕು, ಎಷ್ಟು ದಿನ ಉಳಿದಿದೆ ಎಂಬುದಷ್ಟೇ ಲೆಕ್ಕ.

ಕರಾರಿನಲ್ಲಿ ಆರ್ಬಿಟ್ರೇಷನ್ (ಪಂಚಾಯ್ತಿ ತೀರ್ಮಾನ) ಷರತ್ತು ಇದೆಯೇ? ಇಲ್ಲ. ಪರ್ಚೇಸ್ ಆರ್ಡರ್‌ನ ಹಿಂಬದಿಯ ಸಣ್ಣಕ್ಷರವನ್ನೂ ಓದಿ ನೋಡಬೇಕು, ಅಲ್ಲೂ ಇರಲಿಲ್ಲ. ಸಣ್ಣ ಉದ್ಯಮದವರು ಎಂಎಸ್‌ಎಂಇ ಸೌಲಭ್ಯ ಮಂಡಳಿಗೆ ಹೋದರೆ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ ಸಿಗುತ್ತದೆ. ಆಸೆ ಹುಟ್ಟಿಸುವ ದಾರಿಯೇ ಸರಿ. ಆದರೆ ಈ ಕಂಪನಿ ಸಣ್ಣ ಉದ್ಯಮವೆಂದು ಉದ್ಯಮ್ ನೋಂದಣಿ ಮಾಡಿಸಿದ್ದು 2022ರ ಜೂನ್‌ನಲ್ಲಿ, ಮಾಲೆಲ್ಲ ಹೋದ ಮೇಲೆ. ನೋಂದಣಿಗೆ ಮುಂಚಿನ ಸರಬರಾಜಿಗೆ ಆ ಲಾಭ ಇಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತ್ತು. ಆ ಬಾಗಿಲು ಮುಚ್ಚಿತು. ಉಳಿದದ್ದು ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ, 2015. ಮೊದಲು ಒಂದು ಕೋಟಿ ಇದ್ದ ಕನಿಷ್ಠ ಮೌಲ್ಯವನ್ನು 2018ರ ತಿದ್ದುಪಡಿ ಮೂರು ಲಕ್ಷಕ್ಕೆ ಇಳಿಸಿದೆ, ಹಾಗಾಗಿ ಮೊತ್ತದ ತೊಡಕಿಲ್ಲ.

ಸ್ಥಳದ ತೊಡಕು ಇತ್ತು. ಬೊಮ್ಮಸಂದ್ರ ಆನೇಕಲ್ ತಾಲ್ಲೂಕಿಗೆ ಸೇರಿದ್ದು, ಸಿಟಿ ಸಿವಿಲ್ ನ್ಯಾಯಾಲಯದ ಸರಹದ್ದಿನ ಹೊರಗೆ. ಮಾಲು ಇಳಿದದ್ದೂ ಅಲ್ಲೇ. ಆದರೆ ಆರ್ಡರ್ ಒಪ್ಪಿದ ಇಮೇಲ್ ಹೋದದ್ದು ಪೀಣ್ಯದಿಂದ, ಹಣ ಬರಬೇಕಾದದ್ದೂ ಪೀಣ್ಯದ ಖಾತೆಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 20ರಡಿ ವ್ಯಾಜ್ಯಕಾರಣದ ಒಂದು ಭಾಗ ನಗರದೊಳಗೆ ಹುಟ್ಟಿದರೆ ಸಾಕು. ಈ ಎರಡು ಸಂಗತಿಗಳನ್ನು ವಾದಪತ್ರದಲ್ಲಿ ಪ್ರತ್ಯೇಕ ಪ್ಯಾರಾ ಮಾಡಿ, ದಾಖಲೆಯ ಸಂಖ್ಯೆ ಕೊಟ್ಟು ಬರೆಯಬೇಕು. ‘ಈ ನ್ಯಾಯಾಲಯಕ್ಕೆ ಅಧಿಕಾರವಿದೆ’ ಎಂಬ ಒಂದು ಸಾಲು ಬರೆದು ಬಿಟ್ಟರೆ ಪ್ರತಿವಾದಿ ಅಲ್ಲಿಂದಲೇ ಶುರು ಮಾಡುತ್ತಾರೆ.

ಕಾಲಮಿತಿ ಮೂರು ವರ್ಷ, ಸಾಲದ ಅವಧಿ ಮುಗಿದ ದಿನದಿಂದ. ಅತಿ ಹಳೆಯ ಇನ್‌ವಾಯ್ಸ್ 2021ರ ಆಗಸ್ಟ್ 12. 45 ದಿನ ಸೇರಿಸಿದರೆ ಸೆಪ್ಟೆಂಬರ್ 26. ಅಂದರೆ 2024ರ ಸೆಪ್ಟೆಂಬರ್ 26ಕ್ಕೆ ಮುಗಿಯುತ್ತದೆ. ಕೋವಿಡ್ ಕಾಲದ 15-3-2020ರಿಂದ 28-2-2022ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟ್ ಹೊರಗಿಟ್ಟಿದೆ, ದಾವೆಗೆ ಮುಂಚಿನ ಮಧ್ಯಸ್ಥಿಕೆಯಲ್ಲಿ (ಮೀಡಿಯೇಷನ್) ಕಳೆದ ದಿನಗಳೂ ಹೊರಗೆ. ಇವೆರಡೂ ಇಲ್ಲವೆಂದೇ ಇಟ್ಟುಕೊಂಡು ಸೆಪ್ಟೆಂಬರ್ 26ನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಿನಲ್ಲಿ ಗುರುತು ಹಾಕಲಾಯಿತು. ರಿಯಾಯಿತಿಯ ದಿನಗಳು ವಾದಕ್ಕೆ ಇಟ್ಟುಕೊಳ್ಳುವ ಆಸರೆ. ಅವುಗಳ ಭರವಸೆಯ ಮೇಲೆ ದಾವೆ ತಡ ಮಾಡಬಾರದು.

ತುರ್ತು ಮಧ್ಯಂತರ ಪರಿಹಾರ ಕೇಳದ ದಾವೆಗೆ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದ ಕಲಂ 12ಎ ಅಡಿ ದಾವೆ-ಪೂರ್ವ ಮಧ್ಯಸ್ಥಿಕೆ ಕಡ್ಡಾಯ. 2022ರ ಪಾಟೀಲ್ ಆಟೊಮೇಷನ್ ತೀರ್ಪಿನ ಬಳಿಕ, ಅದನ್ನು ಬಿಟ್ಟು ಹೂಡಿದ ವಾದಪತ್ರ ತಿರಸ್ಕೃತವಾಗುತ್ತದೆ. ಕೆಲವರು ಇದನ್ನು ತಪ್ಪಿಸಲೆಂದೇ ಒಂದು ತಾತ್ಕಾಲಿಕ ತಡೆ ಅರ್ಜಿ ಲಗತ್ತಿಸುತ್ತಾರೆ. ಹುರುಳಿಲ್ಲದ ಅರ್ಜಿಯಾದರೆ ಅದರ ಜೊತೆ ವಾದಪತ್ರವೂ ಹೋಗುತ್ತದೆ. ಜೂನ್ 20ರಂದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನಮೂನೆ 1ರಲ್ಲಿ ಅರ್ಜಿ ಹೋಯಿತು. ಎರಡು ನೋಟಿಸಿಗೂ ಎದುರಿನವರು ಬರಲಿಲ್ಲ. ಆಗಸ್ಟ್ 12ರಂದು ‘ನಾನ್-ಸ್ಟಾರ್ಟರ್’ ವರದಿ, ಅಂದರೆ ಮಧ್ಯಸ್ಥಿಕೆ ಶುರುವೇ ಆಗಲಿಲ್ಲವೆಂಬ ವರದಿ, ಕೈಗೆ ಬಂತು.

ಹನ್ನೊಂದು ಕಾಲಂ

ನೋಟಿಸು ತಿರುಗಾಡುತ್ತಿದ್ದ ಆ ಏಳು ವಾರ ವ್ಯರ್ಥವಾಗಲಿಲ್ಲ. ನಾಲ್ಕು ವರ್ಷ ಅನುಭವದ ಕಿರಿಯ ವಕೀಲೆಯೊಬ್ಬರು ಪೀಣ್ಯದ ಶೆಡ್ಡಿನಲ್ಲೇ ಕೂತು, ಅಕೌಂಟ್ಸ್ ಮತ್ತು ಕ್ವಾಲಿಟಿಯವರ ಜೊತೆ ಒಂದು ಪಟ್ಟಿ ಮಾಡಿದರು. ಅಡ್ಡಸಾಲಿಗೆ ಒಂದು ಲಾಟ್, ಒಟ್ಟು 31 ಸಾಲು. ಕಾಲಂ ಹನ್ನೊಂದು: ಪಿಒ (ಪರ್ಚೇಸ್ ಆರ್ಡರ್), ಇನ್‌ವಾಯ್ಸ್, ಡೆಲಿವರಿ ಚಲನ್, ಇ-ವೇ ಬಿಲ್, ಪ್ರತಿವಾದಿಯ ಗೇಟ್ ಸೀಲು, ಜಿಆರ್‌ಎನ್ (ಖರೀದಿದಾರರು ಮಾಲು ಸ್ವೀಕರಿಸಿದ ಚೀಟಿ), ರವಾನೆಗೆ ಮುಂಚಿನ ತಪಾಸಣೆಯ ಪಿಡಿಐ ವರದಿ, ರಿಜೆಕ್ಷನ್ ನೋಟ್, ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ರಿಟರ್ನ್) ನಮೂದು, ಫಾರಂ 26ಎಎಸ್ (ಕಂಪನಿಯ ಹೆಸರಿನಲ್ಲಿ ಇತರರು ಹಿಡಿದು ಕಟ್ಟಿದ ಆದಾಯ ತೆರಿಗೆಯ ಪಟ್ಟಿ) ನಮೂದು, ಜಮೆಯಾದ ಹಣ.

ಎಲ್ಲ ಚೌಕಗಳೂ ತುಂಬುವುದಿಲ್ಲ, ತುಂಬದ ಚೌಕಗಳೇ ಮುಂದಿನ ಕೆಲಸ. ಗೇಟ್ ಸೀಲು ಇದ್ದ ಚಲನ್ 27. ಉಳಿದ ನಾಲ್ಕಕ್ಕೆ ಇ-ವೇ ಬಿಲ್ಲಿನ ವಾಹನ ಸಂಖ್ಯೆ ಹಿಡಿದು ಸಾಗಣೆದಾರರ ಎಲ್‌ಆರ್ (ಲಾರಿ ರಸೀದಿ) ಪ್ರತಿ ತರಿಸಬೇಕಾಯಿತು. ಜಿಆರ್‌ಎನ್ ಸಿಕ್ಕಿದ್ದು 19ಕ್ಕೆ. 26ಎಎಸ್ ಕಾಲಂ ಮಾತ್ರ ಪೂರ್ತಿ ತುಂಬಿತು, ಮತ್ತು ಹೊಸಬರು ಸಾಮಾನ್ಯವಾಗಿ ಮರೆಯುವ ಕಾಲಂ ಅದೇ. 2021ರ ಜುಲೈ 1ರಿಂದ ದೊಡ್ಡ ಖರೀದಿದಾರರು ಆದಾಯ ತೆರಿಗೆಯ ಕಲಂ 194ಕ್ಯೂ ಅಡಿ, ವರ್ಷದಲ್ಲಿ 50 ಲಕ್ಷ ಮೀರಿದ ಖರೀದಿಗೆ ಶೇ 0.1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿಯಬೇಕಿತ್ತು. ಹಣ ಕೊಡುವಾಗ ಅಥವಾ ಲೆಕ್ಕಪುಸ್ತಕದಲ್ಲಿ ಮಾರಾಟಗಾರರ ಹೆಸರಿಗೆ ಜಮೆ ಹಾಕುವಾಗ, ಯಾವುದು ಮೊದಲೋ ಆಗ. ಈ ಪ್ರತಿವಾದಿ ಆ ಮಿತಿಗೆ ಕಾಯದೆ 31 ಲಾಟಿಗೂ ಟಿಡಿಎಸ್ ಕಟ್ಟಿದ್ದರು, ತಿರಸ್ಕರಿಸಿದ್ದೇವೆ ಎನ್ನುವ ಲಾಟುಗಳೂ ಸೇರಿ. ಇದೊಂದನ್ನೇ ಸಾಲದ ಒಪ್ಪಿಗೆ ಎನ್ನಲಾಗದು. ಆದರೆ ಅವರದೇ ಪುಸ್ತಕದಲ್ಲಿ ಬಾಕಿ ನಮೂದಾಗಿತ್ತು ಎಂದು ತೋರಿಸಲು ಇದಕ್ಕಿಂತ ಗಟ್ಟಿಯಾದ ಹೊರಗಿನ ದಾಖಲೆ ಸಿಗುವುದು ಅಪರೂಪ.

ಬಂದ 61,80,000 ಯಾವ ಬಿಲ್ಲಿಗೆ ಎಂದು ಪ್ರತಿವಾದಿ ಹೇಳಿರಲಿಲ್ಲ. ‘ಆನ್ ಅಕೌಂಟ್’ ಎಂದಷ್ಟೇ ಇತ್ತು. ಹಾಗಿದ್ದಾಗ ಯಾವ ಬಿಲ್ಲಿಗೆ ಹೊಂದಿಸಬೇಕೆಂಬ ಆಯ್ಕೆ ಕರಾರು ಅಧಿನಿಯಮದ ಕಲಂ 60ರಂತೆ ಸಾಲಗಾರನಿಂದ ಹಣ ಬರಬೇಕಾದವನದು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಹಳೆಯ ಬಿಲ್ಲುಗಳಿಗೆ ಹೊಂದಿಸಿದ್ದನ್ನು ಹಾಗೇ ಬಿಡಲಾಯಿತು. ದಾವೆ ಹೂಡುವ ಹೊತ್ತಿಗೆ ಲೆಜರ್ ತಿದ್ದುವ ಆಸೆ ಅನೇಕ ಅಕೌಂಟೆಂಟರಿಗೆ ಬರುತ್ತದೆ, ಮತ್ತು ಟ್ಯಾಲಿಯ ಎಡಿಟ್ ಲಾಗ್ ಅದನ್ನು ಬಯಲು ಮಾಡುತ್ತದೆ.

ರಿಜೆಕ್ಷನ್ ನೋಟ್ ಒಟ್ಟು ಒಂಬತ್ತು. 22 ಲಾಟಿಗೆ ಯಾವ ಆಕ್ಷೇಪವೂ ಬಂದಿಲ್ಲ. ಒಂಬತ್ತರಲ್ಲಿ ಆರು 15 ದಿನದೊಳಗೆ ಬಂದಿವೆ, ಮೂರು ತಡವಾಗಿ. ಈ ಎಣಿಕೆಯವರೆಗೆ ಯಾರು ಬೇಕಾದರೂ ಬರುತ್ತಾರೆ. ಕಿರಿಯ ವಕೀಲೆ ಮುಂದುವರಿದು, ಒಂದೇ ಲಾಟಿನ ಪಿಡಿಐ ವರದಿ ಮತ್ತು ರಿಜೆಕ್ಷನ್ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಂಕಿ ಅಂಕಿಯಾಗಿ ಓದಿದರು. ಸೀಲ್ ಕೂರುವ ಮುಖದ ಎತ್ತರ ಪಿಡಿಐಯಲ್ಲಿ 44.0 ಮಿ.ಮೀ., ರಿಜೆಕ್ಷನ್ ವರದಿಯಲ್ಲಿ 42.5. ಕಳುಹಿಸಿದ ಮೇಲೆ ಲೋಹ ತಾನಾಗಿ ಒಂದೂವರೆ ಮಿಲಿಮೀಟರ್ ಸವೆಯುವುದಿಲ್ಲ. ವರದಿಗೆ ಅಂಟಿಸಿದ್ದ ಡ್ರಾಯಿಂಗಿನ ಬಲಮೂಲೆಯ ಚೌಕದಲ್ಲಿ ‘ರೆವಿಷನ್ ಸಿ, 25-10-2021’ ಎಂದಿತ್ತು. ಎಲ್ಲ 31 ಪಿಒಗಳಲ್ಲೂ ಇದ್ದದ್ದು ರೆವಿಷನ್ ಬಿ, ಅಂದರೆ ಡ್ರಾಯಿಂಗಿನ ಹಿಂದಿನ ಆವೃತ್ತಿ.

ಇದರ ಅರ್ಥ ತಿಳಿಯಲು ಎರಕದ ಗುಣ ಗೊತ್ತಿರಬೇಕು. ಅಲ್ಯೂಮಿನಿಯಂ ಎರಕದಲ್ಲಿ ಅಚ್ಚಿಗೆ ತಾಗಿ ಬೇಗ ಆರುವ ಹೊರಪದರ ದಟ್ಟವಾಗಿರುತ್ತದೆ. ನಿಧಾನ ಆರುವ ಒಳಭಾಗದಲ್ಲಿ ಸಣ್ಣ ರಂಧ್ರ ಉಳಿಯುವುದು ಸಹಜ. ಮಷೀನಿಂಗ್ ಆಳವಾದಷ್ಟೂ ಆ ರಂಧ್ರಗಳು ಮೇಲಕ್ಕೆ ತೆರೆದುಕೊಳ್ಳುತ್ತವೆ. ಖರೀದಿದಾರರು ಸೀಲಿನ ವಿನ್ಯಾಸ ಬದಲಿಸಿ, ಬಂದ ಹೌಸಿಂಗನ್ನು ತಮ್ಮಲ್ಲೇ ಇನ್ನೂ 1.5 ಮಿ.ಮೀ. ಕೊರೆದಿದ್ದರು. ಸೋರಿಕೆ ಪರೀಕ್ಷೆಯ ಒತ್ತಡವನ್ನೂ ರೆವಿಷನ್ ಬಿ ಹೇಳುವ 3 ಬಾರ್‌ನಿಂದ 5 ಬಾರ್‌ಗೆ ಏರಿಸಿದ್ದರು. ಲಾಟುವಾರು ಎತ್ತಿಟ್ಟ ಮಾದರಿಗಳಲ್ಲಿ ನಾಲ್ಕನ್ನು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕೊಟ್ಟು, ಅಡ್ಡ ಸೀಳಿ ನೋಡಿಸಿ ವರದಿ ಪಡೆಯಲಾಯಿತು.

ಕಾನೂನಿನಲ್ಲಿ ಇದರ ತೂಕ ದೊಡ್ಡದು. ಸರಕು ಮಾರಾಟ ಅಧಿನಿಯಮ, 1930ರ ಕಲಂ 42ರಂತೆ, ಕೈಗೆ ಬಂದ ಸರಕಿನ ಮೇಲೆ ಮಾರಾಟಗಾರನ ಒಡೆತನಕ್ಕೆ ಹೊಂದದ ಕೃತ್ಯ ಮಾಡಿದರೆ ಖರೀದಿದಾರ ಅದನ್ನು ಒಪ್ಪಿದಂತೆ. ಕೊರೆದು ರೂಪ ಬದಲಿಸಿದ ಮೇಲೆ ‘ನಿಮ್ಮ ಮಾಲು ನಿಮಗೇ’ ಎನ್ನಲಾಗದು. ಅವರಿಗೆ ಉಳಿಯುವುದು ಕಲಂ 59ರ ದಾರಿ, ಅಂದರೆ ದೋಷ ರುಜುವಾತಾದಷ್ಟು ಬೆಲೆ ಕಡಿಮೆ ಮಾಡಿ ಎಂದು ಕೇಳುವುದು.

ಒಂದು ವಾಟ್ಸ್‌ಆ್ಯಪ್ ಮೆಸೇಜು

ಹುಡುಕಾಟದಲ್ಲಿ ಕಹಿಯೂ ಸಿಕ್ಕಿತು. 2021ರ ಅಕ್ಟೋಬರ್ 14ರಂದು ವಾದಿಯ ಸೂಪರ್‌ವೈಸರ್ ಇಬ್ಬರ ಜಂಟಿ ಗುಂಪಿನಲ್ಲಿ ಬರೆದಿದ್ದರು: ‘ಸರ್ ಎರಡು ಲಾಟಲ್ಲಿ ಬ್ಲೋ ಹೋಲ್ ಇದೆ, ನೆಕ್ಸ್ಟ್ ಲಾಟ್ ಸರಿ ಮಾಡಿ ಕಳಿಸ್ತೀವಿ.’

‘ಇದೊಂದನ್ನ ತೆಗೆದುಬಿಡೋಣ ಸರ್, ಆ ಹುಡುಗ ಕೆಲಸ ಬಿಟ್ಟು ಹೋಗಿ ಎರಡು ವರ್ಷ ಆಯ್ತು’ ಎಂದರು ಮಾಲೀಕರು.

ತೆಗೆಯುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ವಾಣಿಜ್ಯ ದಾವೆಗೆ ಅನ್ವಯಿಸುವ ಆದೇಶ 11ರಂತೆ ತಮ್ಮ ವಶದಲ್ಲಿರುವ, ದಾವೆಗೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನೂ ವಾದಪತ್ರದ ಜೊತೆಗೇ ಬಹಿರಂಗಪಡಿಸಬೇಕು, ತಮಗೆ ವಿರುದ್ಧವಾದದ್ದನ್ನೂ. ಹಾಗೆ ಮಾಡಿದ್ದೇವೆಂದು ಸತ್ಯದ ಘೋಷಣೆಯಲ್ಲಿ ಪ್ರಮಾಣ ಮಾಡುವವರು ಆ ಮಾಲೀಕರೇ. ಮೇಲಾಗಿ ಅದೇ ಮೆಸೇಜು ಎದುರಿನವರ ಫೋನಿನಲ್ಲೂ ಇದೆ. ಬಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಂದರೆ ಆ ಎರಡು ಲಾಟಿನ ಜೊತೆ ಉಳಿದ ಇಪ್ಪತ್ತೊಂಬತ್ತರ ನಂಬಿಕೆಯೂ ಹೋಗುತ್ತದೆ.

ಹಿರಿಯ ವಕೀಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಆ ಎರಡು ಲಾಟಿನ 11,20,000 ರೂಪಾಯಿಯನ್ನು ವಾದಪತ್ರದಲ್ಲೇ ಕೈಬಿಟ್ಟು, ಕಾರಣವನ್ನೂ ಬರೆದರು. ಅವು ರೆವಿಷನ್ ಸಿ ಬರುವ ಮುಂಚಿನವು, ರಿಜೆಕ್ಷನ್ ನೋಟ್ ಸಕಾಲಕ್ಕೆ ಬಂದಿತ್ತು, ಮಾಲು ಬಳಸದೆ ಅಂಗಳದಲ್ಲಿ ಬಿದ್ದಿತ್ತು. ದಾವೆಯ ಮೊತ್ತ 2,39,40,000ಕ್ಕೆ ಇಳಿಯಿತು. ಕಕ್ಷಿದಾರರಿಗೆ ನೋವಾದದ್ದು ನಿಜ. ಆ ಲಾಟುಗಳ ಮೇಲೆ ಕಟ್ಟಿದ್ದ ಜಿಎಸ್‌ಟಿಗೆ ಕ್ರೆಡಿಟ್ ನೋಟ್ ಹಾಕುವ ಗಡುವು 2022ರ ನವೆಂಬರ್ 30ಕ್ಕೇ ಮುಗಿದಿತ್ತು. ಆದರೂ ಇದು ಈ ದಾವೆಯ ಅತಿ ಸರಿಯಾದ ನಿರ್ಧಾರ. ಅದೇ ಹುಡುಕಾಟದಲ್ಲಿ ಅಕ್ಟೋಬರ್ 26ರ ಇನ್ನೊಂದು ಇಮೇಲ್ ಸಿಕ್ಕಿತು: ರೆವಿಷನ್ ಸಿಗೆ ದರ ಕೇಳಿ ಪ್ರತಿವಾದಿ ಕಳುಹಿಸಿದ್ದು. ನವೆಂಬರ್ 2ರಂದು ವಾದಿ ಹೆಚ್ಚಿನ ದರ ಹೇಳಿದ್ದರು. ಆ ದರಕ್ಕೆ ಪಿಒ ಬರಲೇ ಇಲ್ಲ. ಮೊದಲ ನೋಟಕ್ಕೆ ‘ನಿಮಗೆ ರೆವಿಷನ್ ಸಿ ಗೊತ್ತಿತ್ತು’ ಎಂದು ವಾದಿಯ ಮೇಲೆಯೇ ಬೀಳುವ ಪತ್ರ. ಪೂರ್ತಿ ಸರಣಿ ಇಟ್ಟರೆ ವಾದಿಯ ಪರ.

ಸೂಪರ್‌ವೈಸರ್‌ನ ಫೋನ್ ಸಿಗದ ಕಾರಣ ಗುಂಪಿನಲ್ಲಿದ್ದ ಕ್ವಾಲಿಟಿ ಮುಖ್ಯಸ್ಥರ ಫೋನಿನಿಂದ ಸಂಭಾಷಣೆ ತೆಗೆಯಲಾಯಿತು. 2024ರ ಜುಲೈ 1ರ ನಂತರದ ದಾವೆಯಲ್ಲಿ ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕು: ಭಾಗ ಎ ಸಾಧನ ಯಾರ ವಶದಲ್ಲಿದೆಯೋ ಅವರದು, ಭಾಗ ಬಿ ತಜ್ಞರದು, ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು). ಇಲ್ಲಿ ಒಂದು ಎಡವಟ್ಟಾಯಿತು. ನಾಲ್ಕು ಇಮೇಲ್‌ಗಳಿಗೆ ಕಚೇರಿಯಲ್ಲಿದ್ದ, ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ನಮೂನೆಯನ್ನೇ ಮುದ್ರಿಸಿ ಸಹಿ ಹಾಕಿಸಿದ್ದರು. ನ್ಯಾಯಾಲಯದಲ್ಲಿ ದಾಖಲೆಗಳಿಗೆ ಗುರುತು ಹಾಕುವ ದಿನ ಆಕ್ಷೇಪ ಬಂತು. ವಿಚಾರಣೆ ಮುಗಿಯುವ ಮುನ್ನ ಪ್ರಮಾಣಪತ್ರ ತರಲು ಅವಕಾಶವಿದೆ ಎಂಬುದನ್ನು 2020ರ ಅರ್ಜುನ್ ಪಂಡಿತರಾವ್ ತೀರ್ಪಿನಿಂದ ತೋರಿಸಿ ಸರಿಪಡಿಸಿಕೊಂಡರು. ಆದರೂ ಒಂದು ವಾಯಿದೆ ಹೋಯಿತು.

ಗಡುವುಗಳು

ಸೆಪ್ಟೆಂಬರ್ 18ರಂದು ದಾವೆ ದಾಖಲಾಯಿತು. ಸಮನ್ಸ್ ಜಾರಿಯಾದದ್ದು ಅಕ್ಟೋಬರ್ 7. ಪ್ರತಿವಾದಪತ್ರಕ್ಕೆ 30 ದಿನ, ವೆಚ್ಚ ಕೊಟ್ಟು ಗರಿಷ್ಠ 120 ದಿನ. ಅದು ದಾಟಿದರೆ ನ್ಯಾಯಾಧೀಶರಿಗೂ ವಿಸ್ತರಿಸುವ ಅಧಿಕಾರವಿಲ್ಲ. 120ನೆಯ ದಿನ 2025ರ ಫೆಬ್ರುವರಿ 4. ಪ್ರತಿವಾದಪತ್ರ ಬಂದದ್ದು ಫೆಬ್ರುವರಿ 3ರಂದು, ಜೊತೆಗೆ 1,46,00,000ದ ಪ್ರತಿದಾವೆ: 2021ರ ನವೆಂಬರ್ 22ರಿಂದ 27ರವರೆಗೆ ಲೈನ್ ನಿಂತ ನಷ್ಟ 88 ಲಕ್ಷ, ಗ್ರಾಹಕರಿಗೆ ಬದಲಿ ಪಂಪ್ ಕೊಟ್ಟದ್ದು 41 ಲಕ್ಷ, ರೀವರ್ಕ್ 17 ಲಕ್ಷ.

ಪ್ರತಿದಾವೆ ಕಾಲಮಿತಿ ಮೀರಿದೆ ಎಂಬ ಆಕ್ಷೇಪ ಬರೆಯುವ ಉಮೇದು ಕಚೇರಿಯಲ್ಲಿ ಎಲ್ಲರಿಗೂ ಬಂತು. ಕಾಲಮಿತಿ ಅಧಿನಿಯಮದ ಕಲಂ 3ರಂತೆ ಪ್ರತಿದಾವೆ ಹೂಡಿದ ದಿನವೆಂದರೆ ಅದನ್ನು ನ್ಯಾಯಾಲಯದಲ್ಲಿ ಸಲ್ಲಿಸಿದ ದಿನ, ಮೂಲ ದಾವೆಯ ದಿನವಲ್ಲ. 2021ರ ನವೆಂಬರ್‌ನಿಂದ ಮೂರು ವರ್ಷ ಮುಗಿದೇ ಹೋಗಿತ್ತು. ಆದರೆ 28-2-2022ರವರೆಗಿನ ಕೋವಿಡ್ ದಿನಗಳ ರಿಯಾಯಿತಿ ಅವರಿಗೂ ಸಲ್ಲುತ್ತದೆ, ಮತ್ತು ಅದರೊಳಗೆ ಅವರು ಬಂದಿದ್ದರು. ಆಕ್ಷೇಪ ಕೈಬಿಡಲಾಯಿತು. ಸೋಲುವ ವಿವಾದಾಂಶವೊಂದನ್ನು ಪಟ್ಟಿಯಲ್ಲಿ ಬಿಟ್ಟರೆ ಗೆಲ್ಲುವ ಅಂಶಗಳ ಸಮಯ ಅದು ತಿನ್ನುತ್ತದೆ.

ಆಕ್ಷೇಪವಿಲ್ಲದ 22 ಲಾಟಿಗೆ ಆದೇಶ 13ಎ ಅಡಿ ಸಂಕ್ಷಿಪ್ತ ತೀರ್ಪು ಕೇಳುವ ಆಲೋಚನೆಯೂ ಇತ್ತು. ಪ್ರತಿದಾವೆ ಇಷ್ಟು ದೊಡ್ಡದಿರುವಾಗ ಅದರಲ್ಲಿ ತಿಂಗಳುಗಳು ಹೋಗುತ್ತವೆ, ಕೈಯಲ್ಲಿರುವುದೂ ಎದುರಿನವರಿಗೆ ಮೊದಲೇ ತಿಳಿಯುತ್ತದೆ ಎಂದು ಬಿಟ್ಟರು. ಬದಲಿಗೆ ಆದೇಶ 11ರ ನಿಯಮ 5ರಡಿ ಒಂದು ಅರ್ಜಿ: ನಿರ್ದಿಷ್ಟ ಲಾಟುಗಳ ರೂಟ್ ಕಾರ್ಡ್ (ಮಾಲು ಕಾರ್ಖಾನೆಯಲ್ಲಿ ದಾಟಿದ ಹಂತಗಳ ಚೀಟಿ) ಮತ್ತು ನವೆಂಬರ್ ತಿಂಗಳ ದೈನಂದಿನ ಉತ್ಪಾದನಾ ವರದಿ ಹಾಜರುಪಡಿಸಿ ಎಂದು. ‘ಎಲ್ಲ ದಾಖಲೆ ಕೊಡಿ’ ಎಂದು ಕೇಳಿದ್ದರೆ ವಜಾ ಆಗುತ್ತಿತ್ತು. ಎರಡೇ ಬಗೆ, ದಿನಾಂಕ ಸಹಿತ ಕೇಳಿದ್ದರಿಂದ ಆದೇಶ ಸಿಕ್ಕಿತು. ರೂಟ್ ಕಾರ್ಡ್ ಬಂದವು. ‘ಫೇಸ್ ಮಷೀನಿಂಗ್ 1.5’ ಎಂಬ ಹಂತ ಆರು ಲಾಟುಗಳಲ್ಲಿತ್ತು. ಉತ್ಪಾದನಾ ವರದಿ ಸಿಗುತ್ತಿಲ್ಲ ಎಂದು ಅಫಿಡವಿಟ್ ಬಂತು, ಅದೂ ಉಪಯೋಗಕ್ಕೆ ಬಂತು.

ಸಾಕ್ಷಿಕಟ್ಟೆ

ಮಾಲೀಕರೇ ಎಲ್ಲದಕ್ಕೂ ಸಾಕ್ಷಿ ಹೇಳುವುದು ಇಂಥ ದಾವೆಗಳಲ್ಲಿ ಪದೇಪದೇ ಆಗುವ ತಪ್ಪು. ಐದನೆಯ ಪ್ರಶ್ನೆಗೇ ‘ಅದು ಅಕೌಂಟ್ಸ್‌ನವರಿಗೆ ಗೊತ್ತು’ ಎನ್ನಬೇಕಾಗುತ್ತದೆ. ಇಲ್ಲಿ ಅಕೌಂಟ್ಸ್ ಮ್ಯಾನೇಜರ್, ಕ್ವಾಲಿಟಿ ಮುಖ್ಯಸ್ಥ, ಪ್ರಯೋಗಾಲಯದ ತಜ್ಞ, ಮೂವರೇ. ಅಕೌಂಟ್ಸ್ ಮ್ಯಾನೇಜರ್‌ಗೆ ನಿರ್ದೇಶಕ ಮಂಡಳಿಯ ನಿರ್ಣಯದಿಂದ ಅಧಿಕಾರ ಕೊಟ್ಟು, ಅದರ ಪ್ರತಿಯನ್ನು ಮೊದಲೇ ಸಲ್ಲಿಸಲಾಗಿತ್ತು.

ಪ್ರತಿವಾದಿಯ ಕ್ವಾಲಿಟಿ ಮ್ಯಾನೇಜರ್‌ಗೆ ಹಿರಿಯರು ಕೇಳಿದ ಮುಖ್ಯ ಪ್ರಶ್ನೆಗಳು ನಾಲ್ಕೇ. ಪಿಒದಲ್ಲಿರುವುದು ರೆವಿಷನ್ ಬಿ ಅಲ್ಲವೇ? ಹೌದು. ನಿಮ್ಮ ತಪಾಸಣಾ ವರದಿಯಲ್ಲಿ ಪರೀಕ್ಷೆಯ ಒತ್ತಡ 5 ಬಾರ್ ಎಂದಿದೆ? ಇದೆ. ಪರೀಕ್ಷೆಗೆ ಮೊದಲು ನಿಮ್ಮಲ್ಲಿ 1.5 ಮಿ.ಮೀ. ಮಷೀನಿಂಗ್ ಆಗಿದೆ ಎಂದು ನಿಮ್ಮ ರೂಟ್ ಕಾರ್ಡ್ ಹೇಳುತ್ತದೆ? ಹೌದು. ರೆವಿಷನ್ ಸಿಗೆ ವಾದಿ ಹೇಳಿದ ದರಕ್ಕೆ ತಿದ್ದುಪಡಿ ಪಿಒ ಹೋಗಿಲ್ಲ? ಹೋಗಿಲ್ಲ. ಅಲ್ಲಿಗೆ ನಿಲ್ಲಿಸಬೇಕು. ‘ಹಾಗಾದರೆ ಸೋರಿಕೆಗೆ ನೀವೇ ಕಾರಣ’ ಎಂಬ ಐದನೆಯ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಕೇಳಿದರೆ ಸಾಕ್ಷಿಗೆ ವಿವರಣೆ ಕೊಡಲು ನಾವೇ ಅವಕಾಶ ಮಾಡಿಕೊಟ್ಟ ಹಾಗೆ. ಆ ತೀರ್ಮಾನ ವಾದ ಮಂಡನೆಯಲ್ಲಿ ಹೇಳುವಂಥದ್ದು.

ಹಣಕಾಸು ಮುಖ್ಯಸ್ಥರ ಪಾಟೀಸವಾಲನ್ನು ಆ ಕಿರಿಯ ವಕೀಲೆಗೇ ಕೊಟ್ಟರು. ಪಟ್ಟಿ ಮಾಡಿದವರಿಗೇ ಆ ಭಾಗ ಕೊಡಬೇಕು. ಹತ್ತನೆಯ ಕಾಲಂನಲ್ಲಿ ಏನಿದೆ ಎಂದು ಅವರು ಕಾಗದ ತಿರುವಿ ಹುಡುಕಬೇಕಿಲ್ಲ. ಟಿಡಿಎಸ್ ಕಟ್ಟಿದ್ದನ್ನು ಆತ ಒಪ್ಪಿದರು. 180 ದಿನ ಕಳೆದರೂ ಹಣ ಕೊಡದ ಬಿಲ್ಲುಗಳ ಮೇಲೆ ಪಡೆದು, ಕಾನೂನಿನಂತೆ ಹಿಂದಿರುಗಿಸಬೇಕಿದ್ದ ಜಿಎಸ್‌ಟಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ವಾಪಸು ಮಾಡಿಲ್ಲವೆಂದೂ ಒಪ್ಪಿದರು. 88 ಲಕ್ಷದ ನಷ್ಟಕ್ಕೆ ಅವರಲ್ಲಿದ್ದದ್ದು ಒಂದು ಪುಟದ ಸಿಎ ಸರ್ಟಿಫಿಕೇಟು; ಆ ಆರು ದಿನದ ಉತ್ಪಾದನಾ ವರದಿ ಇರಲಿಲ್ಲ.

ತೀರ್ಪು

ಮೊದಲ ಪ್ರಕರಣ ನಿರ್ವಹಣಾ ವಿಚಾರಣೆ 2025ರ ಏಪ್ರಿಲ್ 16ರಂದು ನಡೆದಿತ್ತು. ಅಲ್ಲಿಂದ ಆರು ತಿಂಗಳೊಳಗೆ ವಾದ ಮುಗಿಯಬೇಕು, ಅಕ್ಟೋಬರ್ 13ಕ್ಕೆ ಮುಗಿಯಿತು. ಎಲ್ಲವೂ ವಾದಿಯ ಪಾಲಿಗೆ ಬರಲಿಲ್ಲ. ಸಕಾಲಕ್ಕೆ ತಿರಸ್ಕರಿಸಿದ ಲಾಟುಗಳಲ್ಲಿ ಒಂದು, ಪ್ರತಿವಾದಿಯ ಮಷೀನಿಂಗಿಗೆ ಮೊದಲೇ, 3 ಬಾರ್‌ನಲ್ಲೇ ಸೋರಿತ್ತು. ಅದರ 9,60,000 ಕಳೆದರು. ಆ ಲಾಟಿನ ರೀವರ್ಕಿಗೆ 2,75,000 ಪ್ರತಿದಾವೆಯಲ್ಲಿ ಸಿಕ್ಕಿತು, ಉಳಿದದ್ದು ವಜಾ. ಹೊಂದಿಸಿದ ಮೇಲೆ ಅಸಲು 2,27,05,000. ಬಡ್ಡಿ ಕೇಳಿದ್ದು ಶೇ 18, ಸಿಕ್ಕಿದ್ದು ಶೇ 12: ಶೇ 18ರ ದರ ಇನ್‌ವಾಯ್ಸಿನ ಕೆಳಗೆ ಮಾತ್ರ ಅಚ್ಚಾಗಿತ್ತು, ಕರಾರಿನಲ್ಲಿ ಇರಲಿಲ್ಲ. ಕೈಬಿಟ್ಟ ಎರಡು ಲಾಟಿನ ಪ್ರಸ್ತಾಪ ತೀರ್ಪಿನಲ್ಲಿ ಎರಡು ಕಡೆ ಬಂತು, ಎರಡೂ ಕಡೆ ವಾದಿಯ ಸಾಕ್ಷಿಗಳನ್ನು ಏಕೆ ನಂಬಬಹುದು ಎಂಬ ಪ್ಯಾರಾದಲ್ಲಿ.

ಹೈಕೋರ್ಟಿನ ವಾಣಿಜ್ಯ ಮೇಲ್ಮನವಿ ವಿಭಾಗಕ್ಕೆ ಹೋಗಲು 60 ದಿನ. ಹಣದ ಡಿಕ್ರಿಗೆ ತಡೆ ಕೇಳುವವರಿಗೆ ಠೇವಣಿ ಇಡಿಸುವುದು ರೂಢಿ, ಅದಕ್ಕೆ ಒತ್ತಾಯಿಸಲು ಕೇವಿಯೆಟ್ (ನಮ್ಮನ್ನು ಕೇಳದೆ ಆದೇಶ ಮಾಡಬಾರದೆಂಬ ಮುನ್ಸೂಚನೆ) ಸಲ್ಲಿಸಲಾಯಿತು. ಅದೇ ವಾರ ಪಟ್ಟಿಗೆ ಹನ್ನೆರಡನೆಯ ಕಾಲಂ ಸೇರಿತು: 61,80,000 ಯಾವ ಬ್ಯಾಂಕಿನ ಯಾವ ಶಾಖೆಯ ಖಾತೆಯಿಂದ ಬಂದಿತ್ತು ಎಂಬುದು. ಅಮಲ್ಜಾರಿ (ಡಿಕ್ರಿ ಜಾರಿ) ಅರ್ಜಿಯ ಜಪ್ತಿ ಷೆಡ್ಯೂಲ್ ಬರೆಯಲು ಶುರು ಮಾಡಿದ್ದು ಆ ಕಾಲಂನಿಂದ.